ಖಣದ ಕುಪ್ಪಸದೊಳಗಿನ ಮಾತು

ಅಕ್ಕ-ತಂಗಿಯರೇ, ತಾಯಂದಿರೇ, ನಮಸ್ಕಾರ.

ಗುಳೇದಗುಡ್ಡದ ಖಣ ಅಂದ್ರೆ ನಮ್ಮ ಬಾಗಲಕೋಟೆ ಕಡೆ ಎಷ್ಟು ಅಕ್ಕರೆ, ಅಲ್ವಾ? ಉಡಿ ತುಂಬೋಕೆ ಖಣ, ತವರಿಗೆ ಬಂದ ಮಗಳಿಗೆ ಖಣ. ಆದರೆ ಅದೇ ಖಣದ ಕುಪ್ಪಸದೊಳಗೆ ಒಂದು ಗಂಟು ಕೈಗೆ ಹತ್ತಿದರೆ ನಾವು ಬಾಯಿ ಬಿಡುವುದಿಲ್ಲ. ನೋವಿಲ್ಲವಲ್ಲ ಅಂತ ಸುಮ್ನೆ ಇದ್ದುಬಿಡುತ್ತೇವೆ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ.

2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದೇ ವರ್ಷಕ್ಕೆ ಸುಮಾರು 1,92,000 ಹೆಂಗಸರಿಗೆ ಈ ಕಾಯಿಲೆ ಬಂತು. ಸುಮಾರು 98,000 ಮಂದಿ ತೀರಿಕೊಂಡರು. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆ ಬಂದವರಲ್ಲಿ ನೂರಕ್ಕೆ ತೊಂಬತ್ತು ಮಂದಿ, ಅದು ಗೊತ್ತಾಗಿ ಐದು ವರ್ಷದ ನಂತರವೂ ಬದುಕಿರುತ್ತಾರೆ. ನಮ್ಮಲ್ಲಿ ಅರವತ್ತಾರು. ತಡವಾಗಿ ಆಸ್ಪತ್ರೆಗೆ ಹೋಗುವುದು ಇದಕ್ಕೆ ದೊಡ್ಡ ಕಾರಣ.

ಬರದಂತೆ ತಡೆಯಬಹುದಾ? ಪೂರ್ತಿ ಆಗದು. ಆದರೆ ಅಪಾಯ ಕಡಿಮೆ ಮಾಡಬಹುದು. ಮುಟ್ಟು ನಿಂತ ಮೇಲೆ ನಮ್ಮ ಮೈಯಲ್ಲಿ ಈಸ್ಟ್ರೊಜೆನ್ ಹಾರ್ಮೋನು ತಯಾರಾಗುವುದು ಮುಖ್ಯವಾಗಿ ಕೊಬ್ಬಿನಲ್ಲಿ. ಕೊಬ್ಬು ಜಾಸ್ತಿಯಾದರೆ ಆ ಹಾರ್ಮೋನೂ ಜಾಸ್ತಿ. ಕೆಲವು ಗಡ್ಡೆಗಳು ಅದರಿಂದಲೇ ಬೆಳೆಯುತ್ತವೆ. ನಮ್ಮ ಅಜ್ಜಿಯರು ನೀರು ಹೊತ್ತರು, ಬೀಸಿದರು, ಹೊಲಕ್ಕೆ ನಡೆದರು. ಈಗ ನಳ ಬಂದಿದೆ, ಗಿರಣಿ ಬಂದಿದೆ. ಅದು ಬೇಡ ಅಂತ ನಾನು ಹೇಳುವುದಿಲ್ಲ, ಅವರು ಪಟ್ಟ ಕಷ್ಟ ಸಾಕು. ಆ ನಡಿಗೆಯಷ್ಟನ್ನೇ ಉಳಿಸಿಕೊಳ್ಳೋಣ.

ನವನಗರದ ಅಗಲ ರಸ್ತೆಗಳಲ್ಲಿ ಸಂಜೆ ನೋಡಿ. ಇಳಕಲ್ ಸೀರೆ ಉಟ್ಟು, ಕಾಲಿಗೆ ಶೂ ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಗಿಸಿ ನಡೆಯುವವರು ಸಿಗುತ್ತಾರೆ. ನನಗೆ ಅವರನ್ನು ಕಂಡರೆ ಬಹಳ ಹೆಮ್ಮೆ. ದಿನಕ್ಕೆ ಅರ್ಧ ತಾಸು, ವಾರಕ್ಕೆ ಐದು ದಿನ ಬಿರುಸಾಗಿ ನಡೆದರೆ ಸಾಕು. ಊಟಕ್ಕೆ ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಮೆಂತ್ಯ, ಸೌತೆಕಾಯಿ ಇರಲಿ. ತಂಬಾಕು, ಮದ್ಯ ಬೇಡ. ಕೂಸಿಗೆ ಮೊಲೆಹಾಲು ಕುಡಿಸಿದಷ್ಟೂ ತಾಯಿಗೂ ರಕ್ಷಣೆ. 30 ದೇಶಗಳ 47 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಹನ್ನೆರಡು ತಿಂಗಳು ಹಾಲುಣಿಸಿದರೆ ಅಪಾಯ ಶೇಕಡಾ 4ರಷ್ಟು ಇಳಿಯುತ್ತದೆ ಅಂತ ಗೊತ್ತಾಯಿತು.

ಇಷ್ಟೆಲ್ಲ ಪಾಲಿಸಿದವರಿಗೂ ಕಾಯಿಲೆ ಬರುತ್ತದೆ. ಬಂದವಳನ್ನು "ನೀನೇನು ಮಾಡಿದ್ದಿ" ಅಂತ ದಯವಿಟ್ಟು ಕೇಳಬೇಡಿ. ಬಿಗಿ ಕುಪ್ಪಸದಿಂದ ಬರುತ್ತದೆ ಅನ್ನುವುದೂ ಸುಳ್ಳು.

ಸ್ನಾನ ಆದ ಮೇಲೆ, ಕುಪ್ಪಸ ತೊಡುವ ಮುಂಚೆ ಒಂದು ಗಳಿಗೆ ನಿಲ್ಲಿ. ಹೊಸ ಗಂಟು ಇದೆಯಾ? ಚರ್ಮ ಕಿತ್ತಳೆ ಸಿಪ್ಪೆ ಹಾಗೆ ಆಗಿದೆಯಾ? ತೊಟ್ಟು ಒಳಗೆ ಸರಿದಿದೆಯಾ, ರಕ್ತ ಸೋರುತ್ತಿದೆಯಾ? ಕಂಡರೆ ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ ಅನ್ನಬೇಡಿ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ಅದನ್ನು ಡಾಕ್ಟರೇ ಹೇಳಬೇಕು. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಪಾಸಣೆಗೆ ದುಡ್ಡು ಕೊಡಬೇಕಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಪಡಸಾಲೆಯಲ್ಲಿ ಗಂಡಸರಿದ್ದರೆ, ಆಕೆಯನ್ನು ಅಡುಗೆಮನೆಗೆ ಕರೆದು ಕಿವಿಯಲ್ಲಿ ಹೇಳಿ.

ನಮಸ್ಕಾರ.