ತಟ್ಟೆ ಮಗುಚಿ ನೋಡಿ

ಕೇಳುಗರಿಗೆ ನಮಸ್ಕಾರ. ಹಳೇ ಇಂಗ್ಲಿಷ್ ಪಿಂಗಾಣಿ ತಟ್ಟೆ ಕೈಗೆ ಸಿಕ್ಕರೆ ತಿಳಿದವರು ಮೊದಲು ಅದನ್ನು ಮಗುಚುತ್ತಾರೆ. ಅದರ ಜಾತಕ ಇರುವುದು ತಳದಲ್ಲಿ. ಆದರೆ ಜಾತಕ ಓದಲು ಬರಬೇಕು, ಅಲ್ವಾ?

ಜನರನ್ನು ಜಾಸ್ತಿ ತಬ್ಬಿಬ್ಬು ಮಾಡುವುದು ವಜ್ರಾಕಾರದ ಗುರುತು. ಬ್ರಿಟನ್ನಿನಲ್ಲಿ 1842ರಿಂದ 1883ರವರೆಗೆ ನೋಂದಣಿಯಾದ ವಿನ್ಯಾಸಗಳಿಗೆ ಇದನ್ನು ಹಾಕುತ್ತಿದ್ದರು. ನೆತ್ತಿಯ ಮೇಲೊಂದು ಪುಟ್ಟ ವೃತ್ತ. ಅದರೊಳಗೆ ರೋಮನ್ ನಾಲ್ಕು ಇದ್ದರೆ ಮಣ್ಣಿನ ಸಾಮಾನು, ಮೂರಿದ್ದರೆ ಗಾಜು. ಒಳಗಿನ ಮೂಲೆಗಳಲ್ಲಿ ದಿನ, ತಿಂಗಳು, ವರ್ಷ ಮತ್ತು ನೋಂದಣಿಗೆ ಬಂದ ವಿನ್ಯಾಸಗಳ ಕಟ್ಟಿನ ಸಂಖ್ಯೆ. ವೃತ್ತದ ಕೆಳಗೇ ಇರುವ ಮೇಲಿನ ಮೂಲೆಯಲ್ಲಿ ಅಕ್ಷರವಿದ್ದರೆ 1867ರೊಳಗಿನದು, ಅಂಕಿಯಿದ್ದರೆ ಆಮೇಲಿನದು. ವರ್ಷದ ಅಕ್ಷರಗಳು ಎ, ಬಿ, ಸಿ ಅಂತ ಸಾಲಾಗಿ ಬರುವುದಿಲ್ಲ. ಮೇಲಿನ ಮೂಲೆಯ ಎಕ್ಸ್ ಅಂದರೆ 1842. ಅದೇ ಎಕ್ಸ್ ಬಲಮೂಲೆಗೆ ಬಂದರೆ 1868! ಇನ್ನೊಂದು ಮಾತು. ಇದು ವಿನ್ಯಾಸ ನೋಂದಣಿಯಾದ ದಿನ. ನಿಮ್ಮ ತಟ್ಟೆಯನ್ನು ಎಷ್ಟೋ ವರ್ಷ ಬಿಟ್ಟು ಸುಟ್ಟಿರಬಹುದು.

ಹೆಸರು ಕಂಡ ಕೂಡಲೇ ಹಿಗ್ಗಬೇಡಿ. ವೆಜ್‌ವುಡ್ ಅಂದರೆ ಇಂಗ್ಲೆಂಡಿನ ಹೆಸರಾಂತ ಪಿಂಗಾಣಿ ಕಂಪನಿ. ಅಲ್ಲಿನದೇ ಸ್ಟಾಕ್ಟನ್ ಊರಿನ ವಿಲಿಯಂ ಸ್ಮಿತ್ ಕಂಪನಿ 'ವೆಜ್‌ವುಡ್' ಹೆಸರಿನ ನಡುವೆ ಒಂದು 'ಇ' ಹೆಚ್ಚಿಗೆ ಸೇರಿಸಿ ತನ್ನ ಸಾಮಾನಿಗೆ ಒತ್ತುತ್ತಿತ್ತು. ಅಸಲಿ ವೆಜ್‌ವುಡ್‌ನವರು ಕೋರ್ಟಿಗೆ ಹೋಗಿ 1848ರಲ್ಲಿ ತಡೆ ತಂದರು.

ಗುರುತೇ ಇಲ್ಲದಿದ್ದರೆ? ಆಗ ವಿನ್ಯಾಸವನ್ನೇ ಓದಬೇಕು. ನಮಗೆ ಹತ್ತಿರದ ಉದಾಹರಣೆ ಕೊಡುತ್ತೇನೆ. ಇಂಗ್ಲೆಂಡಿನ ಕುಂಬಾರಿಕೆಯ ಸೀಮೆ ಸ್ಟಾಫರ್ಡ್‌ಶೈರ್‌ನಲ್ಲಿ 1820ರ ಆಸುಪಾಸು 'ಮನ್ರೋ ಸಾವು' ಎಂಬ ಬೊಂಬೆ ಮಾಡಿದರು. ಹೈದರಾಲಿಯ ವಿರುದ್ಧ ಕಾದಾಡಿದ ಹೆಕ್ಟರ್ ಮನ್ರೋನ ಮಗನನ್ನು 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿ ಕೊಂದಿತ್ತು. ಅದೇ ಈ ಬೊಂಬೆಯ ಕಥೆ. ಶ್ರೀರಂಗಪಟ್ಟಣದಿಂದ ಲಂಡನ್ನಿಗೆ ಹೋದ ಟಿಪ್ಪುವಿನ ಮರದ ಹುಲಿಯನ್ನು ಅಲ್ಲಿನ ಜನ ಆಗಲೇ ನೋಡಿದ್ದರು. ಆ ಹುಲಿ ಬಾಯಿ ಹಾಕಿರುವುದು ಸೈನಿಕನ ಕುತ್ತಿಗೆಗೆ. ಮಣ್ಣಿನ ಹುಲಿಯ ಬಾಯಲ್ಲಿರುವುದು ತಲೆ. ಅಡಿಯಲ್ಲಿ ಕಾಲುಗಳಿರುವ ಮೇಜಿನಂಥ ಪೀಠ, ಮುಂದೆ ಬೊಂಬೆಯ ಹೆಸರು. ಮಾಡಿದವರ ಹೆಸರು ಮಾತ್ರ ಇಲ್ಲ. ಆ ಪೀಠದ ಧಾಟಿ ನೋಡಿಯೇ ಇದನ್ನು ಅದೇ ಸೀಮೆಯ ಬರ್ಸ್ಲೆಮ್ ಊರಿನ ಕುಂಬಾರ ಒಬಡಾಯ ಶೆರಟ್‌ನ ಕೆಲಸ ಅಂತ ಹೇಳುತ್ತಾ ಬಂದಿದ್ದಾರೆ. ಹೇಳುತ್ತಾ ಬಂದಿದ್ದಾರೆ ಅಷ್ಟೆ, ರುಜುವಾತಲ್ಲ.

ಅಮೆರಿಕದ ಆಮದು ಕಾಯ್ದೆಯಿಂದಾಗಿ 1891ರ ಮೇಲೆ ಸಾಮಾನಿನ ತಳದಲ್ಲಿ 'ಇಂಗ್ಲೆಂಡ್' ಎಂಬ ಅಚ್ಚು ಸಾಮಾನ್ಯವಾಯಿತು. ಹಾಗೆ ಅಚ್ಚಾದ ಮನ್ರೋ ಬೊಂಬೆಯನ್ನು ಯಾರಾದರೂ 1820ರದ್ದು ಅಂತ ಮಾರಲು ಬಂದರೆ, ಕೈಮುಗಿದು ಕಳಿಸಿಬಿಡಿ. ನಮಸ್ಕಾರ.