ಹಳಿಯ ಕೆಳಗೆ ಏನಿರಬೇಕು?

ಎಲ್ಲರಿಗೂ ನಮಸ್ಕಾರ. ಮಾದರಿ ರೈಲು ಅಂದ ಕೂಡಲೇ ಕಣ್ಣು ಹೋಗುವುದು ಇಂಜಿನ್ ಮೇಲೆ. ಆಮೇಲೆ ಬೋಗಿ, ಸ್ಟೇಷನ್ನು, ಗುಡ್ಡ, ಸುರಂಗ. ನಾನು ಇವತ್ತು ಮಾತಾಡುವುದು ಇವೆಲ್ಲದರ ಅಡಿಗೆ ಇರುವ ಮರದ ಚೌಕಟ್ಟು ಮತ್ತು ಹಳಿಯ ಕೆಳಗಿನ ಹಾಸಿನ ಬಗ್ಗೆ. ರೈಲು ಪದೇ ಪದೇ ಹಳಿ ತಪ್ಪುತ್ತಿದ್ದರೆ, ಎಷ್ಟೋ ಸಲ ಕಾರಣ ಸಿಗುವುದು ಅಲ್ಲೇ.

ಮೊದಲು ಒಂದು ಅಳತೆ ನೋಡೋಣ. ಎಚ್‌ಓ ಮಾದರಿಯಲ್ಲಿ ರೈಲು ನಿಜವಾದದ್ದರ 87ನೇ ಒಂದು ಭಾಗದಷ್ಟಿರುತ್ತದೆ. ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ. ಎನ್ ಮಾದರಿಯಲ್ಲಿ ಅದು ಬರೀ 9 ಮಿ.ಮೀ. ಚಕ್ರ ಹಳಿಯಿಂದ ಜಾರದಂತೆ ತಡೆಯುವ ಅಂಚು ಇರುತ್ತದಲ್ಲ, ಈಗಿನ ಹೆಚ್ಚಿನ ಎಚ್‌ಓ ಚಕ್ರಗಳಲ್ಲಿ ಅದರ ಆಳ ಒಂದು ಮಿಲಿಮೀಟರೂ ಇಲ್ಲ. ಇಡೀ ರೈಲನ್ನು ಹಳಿಯ ಮೇಲೆ ಹಿಡಿದಿಟ್ಟಿರುವುದು ಅಷ್ಟೇ. ಕೆಳಗಿನ ಹಲಗೆ ಒಂದು ಕಡೆ ಕೊಂಚ ಉಬ್ಬಿ ಹಳಿ ಓರೆಯಾದರೆ ಸಾಕು, ಬೋಗಿ ಕೆಳಗಿಳಿಯುತ್ತದೆ.

ಹೊಸಬರು ಕೇಳುವ ಮೊದಲ ಪ್ರಶ್ನೆ, "ಮೇಜು ಎಷ್ಟು ಭಾರ ತಡೆಯಬೇಕು?" ರೈಲಿನ ಭಾರ ಏನೇನೂ ಅಲ್ಲ. ನಾವು ಮೊಣಕೈ ಊರಿ ಬಗ್ಗಿದಾಗ ತಡೆದುಕೊಂಡರೆ ಆಯಿತು. ಕೇಳಬೇಕಾದ ಪ್ರಶ್ನೆಗಳು ಬೇರೆ ಎರಡಿವೆ. ವರ್ಷಗಳು ಕಳೆದರೂ ಇದು ಇದ್ದ ಹಾಗೇ ಇರುತ್ತದಾ? ನಾಳೆ ಹಳಿಯ ದಾರಿ ಬದಲಿಸಬೇಕು ಅನ್ನಿಸಿದರೆ ಇದನ್ನು ಬಿಚ್ಚಿ ಜರುಗಿಸಬಹುದಾ?

ಮರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಇದು ತೀರಾ ಕಡಿಮೆ, ಅಗಲಕ್ಕೆ ಜಾಸ್ತಿ. ಸರಿಯಾಗಿ ಒಣಗದ ಮರ ಸೊಟ್ಟಗಾಗುವುದೂ ಇದರಿಂದಲೇ. ಆದ್ದರಿಂದ ಮರ ತಂದ ಕೂಡಲೇ ಕೊಯ್ಯಬೇಡಿ. ರೈಲು ಇರುವ ಕೋಣೆಯಲ್ಲೇ ಒಂದೆರಡು ವಾರ ಇಡಿ. ಅಲ್ಲಿನ ಗಾಳಿಗೆ ಅದು ಹೊಂದಿಕೊಳ್ಳಲಿ. ಪ್ಲೈವುಡ್‌ನಲ್ಲಿ ಪದರಗಳನ್ನು ಒಂದಕ್ಕೊಂದು ಅಡ್ಡಡ್ಡ ಅಂಟಿಸಿರುತ್ತಾರೆ. ಒಂದು ಪದರ ಹಿಗ್ಗಲು ಹೊರಟರೆ ಇನ್ನೊಂದು ತಡೆಯುತ್ತದೆ. ಹಾಗಾಗಿ ನನ್ನ ಆಯ್ಕೆ ಯಾವಾಗಲೂ ಪ್ಲೈವುಡ್. ಹಳಿ ಕೂರುವ ಹಲಗೆಗೆ 12 ಮಿ.ಮೀ., ಅದಕ್ಕೆ ಸುಮಾರು 40 ಸೆಂ.ಮೀ.ಗೊಂದು ಆಸರೆ. ಚೌಕಟ್ಟಿಗೂ 18 ಮಿ.ಮೀ. ಪ್ಲೈವುಡ್ಡನ್ನೇ ಪಟ್ಟಿಗಳಾಗಿ ಸೀಳಿಸಿಕೊಳ್ಳಬಹುದು. ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ, ನೋಡಲು ನುಣುಪು, ಆದರೆ ವಿಪರೀತ ಭಾರ. ಮಾಮೂಲಿ ಎಂಡಿಎಫ್‌ಗೆ ನೀರು ತಾಗಿದರೆ ಉಬ್ಬುತ್ತದೆ, ಅಂಚಿನಲ್ಲಿ ಸ್ಕ್ರೂ ಸರಿಯಾಗಿ ನಿಲ್ಲುವುದಿಲ್ಲ. ಪಾರ್ಟಿಕಲ್ ಬೋರ್ಡಿನ ಕಥೆಯೂ ಅದೇ. ಹುಲ್ಲು, ಜಲ್ಲಿ ಅಂಟಿಸುವಾಗ ನೀರು ಬೆರೆಸಿದ ಅಂಟನ್ನು ಧಾರಾಳವಾಗಿ ಸುರಿಯುತ್ತೇವೆ ಅಲ್ವಾ? ಅಂಥ ಕಡೆ ಇವೆರಡೂ ಬೇಡ.

ಪಟ್ಟಿಯನ್ನು ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿ ಬಳಸಿ. 18 ಮಿ.ಮೀ. ದಪ್ಪ, 72 ಮಿ.ಮೀ. ಅಗಲದ ಪಟ್ಟಿಯನ್ನು ಮಲಗಿಸಿದರೆ ಬಗ್ಗುತ್ತದೆ. ಅದನ್ನೇ ನಿಲ್ಲಿಸಿದರೆ 16 ಪಟ್ಟು ಬಿಗಿ. ಮರ ಅದೇ, ಖರ್ಚು ಅದೇ.

ಇನ್ನು ಕಟ್ಟುವ ಬಗೆ. ಚಪ್ಪಟೆ ಯಾರ್ಡು, ಸಣ್ಣ ಸ್ಟೇಷನ್ನು ಮಾತ್ರ ಸಾಕು ಅನ್ನುವವರಿಗೆ ಪಟ್ಟಿಗಳನ್ನು ಅಡ್ಡ ಉದ್ದ ಜೋಡಿಸಿದ ಚೌಕಳಿ ಚೌಕಟ್ಟು ಸಾಕು. ಏರು, ಇಳಿವು, ಕಣಿವೆ ಎಲ್ಲ ಬೇಕು ಅಂದರೆ ನನಗೆ ಇಷ್ಟವಾದದ್ದು ಎಲ್-ಗರ್ಡರ್. ಅಮೆರಿಕದ ಮಾದರಿ ರೈಲು ಪತ್ರಿಕೆಯೊಂದರ ಸಂಪಾದಕ ಲಿನ್ ವೆಸ್ಟ್‌ಕಾಟ್ 1960ರ ದಶಕದಲ್ಲಿ ಇದನ್ನು ಜನಪ್ರಿಯ ಮಾಡಿದರು. ನಿಲ್ಲಿಸಿದ ಅಗಲ ಪಟ್ಟಿಯ ಮೇಲಂಚಿಗೆ ಒಂದು ಕಿರಿದಾದ ಪಟ್ಟಿಯನ್ನು ಮಲಗಿಸಿ, ಅಂಟು ಹಾಕಿ, ಸ್ಕ್ರೂ ಬಿಗಿಯುತ್ತಾರೆ. ತಲೆಕೆಳಗಾದ ಇಂಗ್ಲಿಷ್ ಎಲ್ ಅಕ್ಷರದ ಆಕಾರ ಬರುತ್ತದೆ. ಹೀಗೆ ಮಾಡಿದ ಎರಡು ಗರ್ಡರ್‌ಗಳ ಮೇಲೆ ಅಡ್ಡಪಟ್ಟಿಗಳು ಕೂರುತ್ತವೆ. ಕಾಲುಗಳನ್ನು ತುದಿಗೆ ಕೊಡಬೇಡಿ. ಎರಡೂ ತುದಿಯಿಂದ ಉದ್ದದ ಐದನೇ ಒಂದು ಭಾಗದಷ್ಟು ಒಳಗೆ ಕೊಡಿ. ಎರಡೂವರೆ ಮೀಟರ್ ಗರ್ಡರ್ ಆದರೆ ಅರ್ಧ ಮೀಟರ್ ಒಳಗೆ. ಆಗ ನಡುವೆ ಜೋಲುವುದು ತುಂಬಾ ಕಡಿಮೆಯಾಗುತ್ತದೆ.

ಇದರ ನಿಜವಾದ ಸೊಗಸು ಇರುವುದು ಸ್ಕ್ರೂನಲ್ಲಿ. ಅಡ್ಡಪಟ್ಟಿಗೆ ಸ್ಕ್ರೂ ಬೀಳುವುದು ಕೆಳಗಿನಿಂದ, ಆ ಕಿರಿದಾದ ಪಟ್ಟಿಯ ಮೂಲಕ. ಅಲ್ಲಿ ಅಂಟು ಹಾಕುವುದಿಲ್ಲ. ಮೇಲೆ ಗುಡ್ಡ ಕಟ್ಟಿ, ಹಳಿ ಹಾಸಿ ಮುಗಿದ ಮೇಲೂ ಮೇಜಿನ ಕೆಳಗೆ ಮಲಗಿ ಸ್ಕ್ರೂ ಬಿಚ್ಚಿ ಅಡ್ಡಪಟ್ಟಿಯನ್ನು ನಾಲ್ಕು ಬೆರಳು ಆಚೆ ಸರಿಸಬಹುದು. ಇದು ಯಾಕೆ ಬೇಕು? ಕವಲು ಹಳಿಯನ್ನು ತಿರುಗಿಸುವ ಮೋಟಾರು ಕೂರಬೇಕಾದ ಜಾಗಕ್ಕೇ ಸರಿಯಾಗಿ ಒಂದು ಅಡ್ಡಪಟ್ಟಿ ಬಂದಿರುತ್ತದೆ! ಕಟ್ಟಿದವರಿಗೆಲ್ಲ ಗೊತ್ತಿರುವ ಸಂಗತಿ.

ಅಡ್ಡಪಟ್ಟಿಯ ಪಕ್ಕಕ್ಕೆ ನಿಲುಗಂಬ ಬಿಗಿದು, ಅದರ ಮೇಲೆ ಹಳಿಯ ದಾರಿಯಷ್ಟೇ ಅಗಲಕ್ಕೆ ಕೊಯ್ದ ಪ್ಲೈವುಡ್ ಕೂರಿಸಿದರೆ ಏರು ಹಳಿ ಸಿದ್ಧ. ಏರಿನ ಲೆಕ್ಕ ಮೊದಲೇ ಹಾಕಿ. ಎಚ್‌ಓದಲ್ಲಿ ಒಂದು ಹಳಿ ಇನ್ನೊಂದರ ಮೇಲೆ ಹಾಯಬೇಕಾದರೆ ಸುಮಾರು 75 ಮಿ.ಮೀ. ಜಾಗ ಬಿಡಬೇಕು. ನೂರಕ್ಕೆ ಎರಡರ ಏರಿನಲ್ಲಿ ಅಷ್ಟು ಎತ್ತರ ಹತ್ತಲು 3.75 ಮೀಟರ್ ದಾರಿ ಬೇಕು. ಇದರ ಜತೆಗೆ ಮೇಲಿನ ಸೇತುವೆಯ ದಪ್ಪವನ್ನೂ ಸೇರಿಸಿಕೊಳ್ಳಿ. ಕಾಗದದ ಮೇಲೆ ಚೆಂದ ಕಂಡ ನಕ್ಷೆಗಳು ತುಂಬಾ ಸಲ ಕೈಕೊಡುವುದು ಇಲ್ಲೇ. ಏರು ಶುರುವಾಗುವ ಕಡೆ ಪ್ಲೈವುಡ್ಡನ್ನು ತುಂಡರಿಸಬೇಡಿ. ಒಂದೇ ಉದ್ದದ ಹಲಗೆಯನ್ನು ಮೆಲ್ಲಗೆ ಎತ್ತಿದರೆ ಅದು ತಾನಾಗಿಯೇ ನಯವಾಗಿ ಬಾಗುತ್ತದೆ.

ನೀಲಿ ಅಥವಾ ಗುಲಾಬಿ ಬಣ್ಣದ ಗಟ್ಟಿ ಫೋಮ್ ಹಲಗೆಯೂ ಒಳ್ಳೆಯದೇ. ಹಗುರ, ತೇವಕ್ಕೆ ಜಗ್ಗುವುದಿಲ್ಲ, ಚಾಕುವಿನಲ್ಲೇ ಕಣಿವೆ ಕೊರೆಯಬಹುದು. ಎತ್ತಿಕೊಂಡು ಓಡಾಡುವ ಮಾದರಿಗೆ ಇದೇ ಸರಿ. ಕೆಲವು ಅಂಟುಗಳು ಅದನ್ನು ಕರಗಿಸಿಬಿಡುತ್ತವೆ, ಮೊದಲು ಒಂದು ಚೂರಿನ ಮೇಲೆ ಹಚ್ಚಿ ನೋಡಿ. ಬಿಸಿ ತಂತಿಯಲ್ಲಿ ಕೊಯ್ಯುವಾಗ ಹೊಗೆ ಕೆಟ್ಟದ್ದು, ಕಿಟಕಿ ತೆರೆದಿರಲಿ. ಫೋಮ್‌ಗೆ ಸ್ಕ್ರೂ ಕಚ್ಚುವುದಿಲ್ಲ, ಹಾಗಾಗಿ ಅದರ ಕೆಳಗೆ ತೆಳು ಪ್ಲೈವುಡ್ ಇದ್ದರೆ ಅನುಕೂಲ.

ಹಲಗೆಗೂ ಹಳಿಗೂ ನಡುವಿನ ಹಾಸಾಗಿ ಕಾರ್ಕ್ ಬಳಸುವವರೇ ಜಾಸ್ತಿ. ಅಂಗಡಿಯಲ್ಲಿ ಸಿಗುವ ಕಾರ್ಕ್ ಪಟ್ಟಿ ನಡುವೆ ಓರೆಯಾಗಿ ಸೀಳಿರುತ್ತದೆ. ಎರಡು ಹೋಳು ಮಾಡಿ, ಹಲಗೆಯ ಮೇಲೆ ಎಳೆದ ನಡುಗೆರೆಗೆ ನೇರ ಬದಿ ತಾಗುವಂತೆ ಒಂದೊಂದಾಗಿ ಅಂಟಿಸುತ್ತಾ ಹೋಗಿ. ಓರೆ ಅಂಚು ಹೊರಗೆ ಬರಬೇಕು. ಎರಡೂ ಹೋಳಿನ ಕೂಡುಗಳು ಎದುರುಬದುರು ಬರದಿರಲಿ. ಅಂಟು ಒಣಗಿದ ಮೇಲೆ ಮರಳು ಕಾಗದ ಸುತ್ತಿದ ಮರದ ತುಂಡಿನಿಂದ ಮೇಲ್ಭಾಗ ತೀಡಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ತಿಳಿಯುತ್ತದೆ. ಬೆರಳು ಎಡವಿದ ಕಡೆ ಇನ್ನೊಮ್ಮೆ ತೀಡಿ.

ಕಾರ್ಕ್ ಹಾಕಿದರೆ ಸದ್ದು ಪೂರ್ತಿ ಹೋಗುತ್ತೆ ಅಂತ ಹಲವರ ನಂಬಿಕೆ. ಜಲ್ಲಿ ಹಾಕುವ ತನಕ ಸದ್ದು ಕಡಿಮೆಯಾಗುವುದೇನೋ ಹೌದು. ಆಮೇಲೆ ಬಿಳಿ ಅಂಟು ಜಲ್ಲಿಯನ್ನು, ಹಳಿಯನ್ನು, ಹಲಗೆಯನ್ನು ಸೇರಿಸಿ ಕಲ್ಲಿನಂತೆ ಗಟ್ಟಿ ಮಾಡುತ್ತದೆ. ಚಕ್ರದ ಸದ್ದು ನೇರ ಹಲಗೆಗೆ ಇಳಿಯುತ್ತದೆ. ಒಣಗಿದ ಮೇಲೂ ಮೆತ್ತಗೇ ಉಳಿಯುವ ಅಂಟು ಬಳಸಿ. ಹಳಿಯನ್ನು ತೆಳುವಾಗಿ ಸವರಿದ ಅಕ್ರಿಲಿಕ್ ಕಾಲ್ಕ್ (ಸಂದು ಮುಚ್ಚಲು ಬಳಸುವ ಪೇಸ್ಟ್) ಮೇಲೆ ಕೂರಿಸಿ. ಅದನ್ನು ಕಿತ್ತು ಮತ್ತೆ ಹಾಕುವುದೂ ಸುಲಭ.

ಹಳಿಯ ಲೋಹವೂ ಹಿಗ್ಗುತ್ತದೆ. ಮೂರು ಮೀಟರ್ ಉದ್ದಕ್ಕೆ, 20 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು ಒಂದು ಮಿಲಿಮೀಟರ್. ಅಲ್ಲಲ್ಲಿ ಕೂಡುಗಳಲ್ಲಿ ಸಣ್ಣ ಸಂದು ಬಿಡಿ, ಎಲ್ಲವನ್ನೂ ಬೆಸುಗೆ ಹಾಕಿ ಮುಚ್ಚಬೇಡಿ. ಜಲ್ಲಿಗೆ ಸುಮ್ನೆ ಆತುರ ಪಡಬೇಡಿ. ಒಂದು ಮಳೆಗಾಲ, ಒಂದು ಬೇಸಿಗೆ ಬರೀ ಹಳಿಯ ಮೇಲೆ ಓಡಿಸಿ. ನಿಮ್ಮಲ್ಲಿರುವ ಅತಿ ಉದ್ದದ ರೈಲನ್ನು ಹಿಂದಕ್ಕೂ ತಳ್ಳಿಸಿ ನೋಡಿ. ಬೋಗಿ ಎಲ್ಲಿ ಕುಲುಕುತ್ತದೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಕೆಳಗಿನ ಆಸರೆ ಸರಿಮಾಡಿ, ಆಮೇಲೆ ಜಲ್ಲಿ ಹಾಕಿ.