ಸಣ್ಣ ಅವಘಡ ಮುಚ್ಚಿಡಬೇಡಿ

ಕೇಳುಗರಿಗೆ ನಮಸ್ಕಾರ.

2010ರ ಜನವರಿ 7. ಅಮೆರಿಕದ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಲ್ಯಾಬ್. ಸಂಶೋಧನಾ ವಿದ್ಯಾರ್ಥಿಯೊಬ್ಬರು ನಿಕಲ್ ಹೈಡ್ರಜೀನ್ ಪರ್ಕ್ಲೋರೇಟ್ ಎಂಬ ಪುಡಿ ತಯಾರಿಸಿದ್ದರು. ಥಟ್ಟನೆ ಸಿಡಿಯುವ ವಸ್ತು ಅದು. ಒಂದು ಸಲಕ್ಕೆ 100 ಮಿಲಿಗ್ರಾಂ ಮೀರಬಾರದು ಅಂತ ಪ್ರಾಧ್ಯಾಪಕರು ಮಿತಿ ಇಟ್ಟಿದ್ದರು. ಆದರೆ ಅದು ಬಾಯಿಮಾತಿನ ಮಿತಿ. ತಯಾರಾದದ್ದು ಸುಮಾರು 10 ಗ್ರಾಂ, ಅಂದರೆ ನೂರು ಪಟ್ಟು. ಪದೇ ಪದೇ ಮಾಡುವ ಬದಲು ಎಲ್ಲ ಪರೀಕ್ಷೆಗೂ ಸಾಲುವಷ್ಟು ಒಂದೇ ಸಲ ಮಾಡಿಬಿಡೋಣ ಅನ್ನುವ ಲೆಕ್ಕ.

ಪುಡಿ ಗಂಟುಗಟ್ಟಿತ್ತು. ಒದ್ದೆಯಾಗಿದ್ದರೆ ಸಿಡಿಯುವುದಿಲ್ಲ ಅನ್ನುವುದು ಅವರ ನಂಬಿಕೆ. ಅರ್ಧದಷ್ಟನ್ನು ಕುಟ್ಟಾಣಿಗೆ ಹಾಕಿ, ಹೆಕ್ಸೇನ್ ಅನ್ನುವ ದ್ರಾವಕ ಸುರಿದು, ಮೆಲ್ಲಗೆ ಗಂಟು ಒಡೆದರು. ಕೆಲಸ ಮುಗಿಯಿತು ಅಂತ ರಕ್ಷಣಾ ಕನ್ನಡಕ ತೆಗೆದರು. ಆಮೇಲೆ, ಇನ್ನೊಂದು ಸಲ ಕಲಕೋಣ ಅಂತ ವಾಪಸ್ ಬಂದರು. ಸಿಡಿದೇ ಬಿಟ್ಟಿತು. ಎಡಗೈಯ ಮೂರು ಬೆರಳು ಹೋದವು. ಕಣ್ಣಿಗೂ ಪೆಟ್ಟಾಯಿತು.

ವಿದ್ಯಾರ್ಥಿಯ ಅಜಾಗರೂಕತೆ ಅಂದುಬಿಡುವುದು ಸುಲಭ, ಅಲ್ವಾ? ಆದರೆ ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ ತನಿಖೆ ಮಾಡಿದಾಗ, ಅಲ್ಲಿ ಹಿಂದೆಯೂ ಸಣ್ಣಪುಟ್ಟ ಅವಘಡಗಳು ಆಗಿದ್ದು ಗೊತ್ತಾಯಿತು. ಅವುಗಳಿಂದ ಯಾರೂ ಪಾಠ ಕಲಿತಿರಲಿಲ್ಲ. ನನ್ನನ್ನು ಜಾಸ್ತಿ ಕಾಡುವುದು ಇದೇ.

2016ರ ಮಾರ್ಚ್‌ನಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲೂ ಹೀಗೇ ಆಯಿತು. ಹೈಡ್ರೋಜನ್, ಆಕ್ಸಿಜನ್ ಬೆರೆಸಿ ತುಂಬಿದ್ದ ಟ್ಯಾಂಕ್ ಸಿಡಿದು ಸಂಶೋಧಕಿಯೊಬ್ಬರು ತೋಳು ಕಳೆದುಕೊಂಡರು. ಹಿಂದಿನ ದಿನವೇ ಇನ್ನೊಂದು ಚಿಕ್ಕ ಟ್ಯಾಂಕಿನೊಳಗೆ ಸಣ್ಣ ಸ್ಫೋಟ ಆಗಿತ್ತು. ಕೆಲಸ ಮಾತ್ರ ನಿಲ್ಲಲಿಲ್ಲ.

ಲ್ಯಾಬಿನಲ್ಲಿ ಇರುವವರಿಗೆ ಗೊತ್ತು, ಇಂಥ ಸುಳಿವು ಸಿಗುತ್ತಲೇ ಇರುತ್ತದೆ. ಈಥರ್ ಅನ್ನುವ, ಬೇಗ ಹೊತ್ತಿಕೊಳ್ಳುವ ದ್ರವದ ಆವಿ ಗಾಳಿಗಿಂತ ಭಾರ. ಮೇಜಿನ ಮೇಲೆ ಕಾಣದಂತೆ ಹರಿದು, ಅತ್ತ ಕಾದಿರುವ ಹಾಟ್ ಪ್ಲೇಟ್ ತಲುಪಿದರೆ ಭಗ್ ಅಂತ ಹೊತ್ತಿಕೊಳ್ಳುತ್ತದೆ. ಕೈಗೆ ಸಿಕ್ಕಿದ್ದರಿಂದ ಮುಚ್ಚಿ ಆರಿಸುತ್ತಾರೆ. ಮೇಜು ಒರೆಸುತ್ತಾರೆ. ಗೈಡ್ ಬೈದರೆ, ಪ್ರಬಂಧ ತಡವಾದರೆ ಅನ್ನುವ ಭಯಕ್ಕೆ ಸುಮ್ನೆ ಇದ್ದುಬಿಡುತ್ತಾರೆ. ಪಕ್ಕದ ಮೇಜಿನವರು ಮರುದಿನ ಅದನ್ನೇ ಮಾಡುತ್ತಾರೆ.

ಪ್ರಾಧ್ಯಾಪಕರೇ, ವಿದ್ಯಾರ್ಥಿ ಬಂದು ಹೇಳಿದಾಗ "ಯಾರು ಮಾಡಿದ್ದು?" ಅನ್ನಬೇಡಿ. "ಏನಾಯ್ತು?" ಅಂತ ಕೇಳಿ. ವಾರದ ಸಭೆಯಲ್ಲಿ ಫಲಿತಾಂಶಕ್ಕಿಂತ ಮೊದಲು ಆ ಅವಘಡದ ಮಾತಾಗಲಿ. ಮಿತಿಯನ್ನು, ವಿಷದ ಆವಿ ಹೊರಗೆಳೆಯುವ ಗೂಡಾದ ಫ್ಯೂಮ್ ಹುಡ್‌ನ ಗಾಜಿನ ಮೇಲೆಯೇ ಬರೆದಿಡಿ. ಮೀರಬೇಕಾದರೆ ಯಾರ ಸಹಿ ಬೇಕು ಅನ್ನುವುದನ್ನೂ ಅಲ್ಲೇ ಬರೆಯಿರಿ.